ತಂತ್ರಜ್ಞಾನದ ಅಂಗಳ: ಅಳಿಸಿ ಅಳಿಸಿ ಸವೆಯುವ ಹಾಳೆ



ನಮ್ಮ ಶಾಲೆಯ ಪುಟಾಣಿಗಳು ‘ಳ’ ಬರೆಯಲು ಕಲಿಯುವುದನ್ನು ನೋಡಿದ್ದೀರಾ? ಬರೆಯುವುದು, ರಬ್ಬರಿನಿಂದ ಅಳಿಸುವುದು, ಮತ್ತೆ ಅಲ್ಲೇ ಬರೆಯುವುದು. ಏಳೆಂಟು ಸಲ ಆಗುವಷ್ಟರಲ್ಲಿ ಹಾಳೆ ತೂತು! ಪುಸ್ತಕದ ಉಳಿದ ಹಾಳೆಗಳು ಮಾತ್ರ ಹೊಸದಾಗಿಯೇ ಇರುತ್ತವೆ.

ನಿಮ್ಮ ಫೋನು, ಡ್ಯಾಶ್‌ಕ್ಯಾಮ್, ಕಾರಿನ ಪರದೆ ಇವುಗಳೊಳಗಿನ ಫ್ಲ್ಯಾಶ್ ಮೆಮೊರಿಯ ಕಷ್ಟವೂ ಇದೇ. ಇದರಲ್ಲಿ ಪುಟಪುಟವಾಗಿ ಬರೆಯಬಹುದು. ಅಳಿಸುವಾಗ ಮಾತ್ರ ಹಲವು ಪುಟಗಳಿರುವ ಇಡೀ ಬ್ಲಾಕನ್ನೇ ಅಳಿಸಬೇಕು. ಪ್ರತಿ ಸಲವೂ ಹೆಚ್ಚಿನ ವೋಲ್ಟೇಜ್ ಬಿದ್ದು, ಎಲೆಕ್ಟ್ರಾನುಗಳನ್ನು ಹಿಡಿದಿಡುವ ತೆಳುವಾದ ಆಕ್ಸೈಡ್ ಪದರ ಸ್ವಲ್ಪಸ್ವಲ್ಪವೇ ಹಾಳಾಗುತ್ತದೆ. ಒಂದು ಸೆಲ್‌ನಲ್ಲಿ ಎರಡು ಬಿಟ್ ಇಡುವ ಚಿಪ್ಪಾದರೆ ಸಾಮಾನ್ಯವಾಗಿ ಸುಮಾರು 3,000 ಸಲ ತಾಳುತ್ತದೆ.

ಇದಕ್ಕೆ ಎಂಜಿನಿಯರುಗಳ ಉಪಾಯ ‘ವೇರ್ ಲೆವೆಲಿಂಗ್’. ನಾವು ಸವೆತದ ಸರದಿ ಎನ್ನೋಣ. ಯಾವ ಬ್ಲಾಕು ಎಷ್ಟು ಸಲ ಅಳಿಸಿದ್ದಾಯಿತು ಎಂದು ಕಂಟ್ರೋಲರ್ ಲೆಕ್ಕ ಇಡುತ್ತದೆ. ನೀವು ಹಳೆಯ ಫೈಲನ್ನೇ ತಿದ್ದಿದರೂ, ಅದನ್ನು ಕಡಿಮೆ ಸವೆದ ಬೇರೊಂದು ಬ್ಲಾಕಿನಲ್ಲಿ ಬರೆದು ವಿಳಾಸವನ್ನಷ್ಟೇ ಬದಲಿಸುತ್ತದೆ. ಇನ್ನೂ ಜಾಣ ಕಂಟ್ರೋಲರ್ ಆದರೆ, ವರ್ಷಗಟ್ಟಲೆ ಅಲುಗದೆ ಕುಳಿತ ಫೋಟೊಗಳನ್ನೂ ಎಬ್ಬಿಸಿ ಸವೆದ ಬ್ಲಾಕಿಗೆ ಕಳಿಸಿ, ಅವುಗಳ ಜಾಗವನ್ನು ಸರದಿಗೆ ಸೇರಿಸುತ್ತದೆ.

ಆದರೆ ಸರದಿಯಿಂದ ಸವೆತ ಹಂಚಿಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇಲ್ಲಿ ಅಮೆರಿಕದಲ್ಲೇ 2021ರಲ್ಲಿ ಟೆಸ್ಲಾ ಸುಮಾರು 1,35,000 ಕಾರುಗಳನ್ನು ರಿಕಾಲ್ ಮಾಡಬೇಕಾಯಿತು. ಪರದೆಯ ಹಿಂದಿನ 8 ಜಿಬಿ ಚಿಪ್ಪು ದಿನನಿತ್ಯದ ಬಳಕೆಯಿಂದಲೇ ಸವೆದು, ಹಿಂಬದಿ ಕ್ಯಾಮೆರಾದ ಚಿತ್ರ ಕಾಣದಾಗುವ ಅಪಾಯವಿತ್ತು. ಲೆಕ್ಕ ಹಾಕಿ ನೋಡಿ: 8 ಜಿಬಿಯನ್ನು 3,000 ಸಲ ಬರೆದರೆ ಒಟ್ಟು 24,000 ಜಿಬಿ. ದಿನಕ್ಕೆ 12 ಜಿಬಿ ಬರೆಯುತ್ತದೆ ಎಂದಿಟ್ಟುಕೊಂಡರೆ 2,000 ದಿನ, ಅಂದರೆ ಐದೂವರೆ ವರ್ಷ. ಅದೇ ಬಗೆಯ 64 ಜಿಬಿ ಚಿಪ್ಪಾದರೆ ಅದರ ಎಂಟು ಪಟ್ಟು!

ನಾವೇನು ಮಾಡಬಹುದು? ಡ್ಯಾಶ್‌ಕ್ಯಾಮಿಗೆ ‘ಹೈ ಎಂಡ್ಯೂರೆನ್ಸ್’ ಎಂದಿರುವ, ಸ್ವಲ್ಪ ದೊಡ್ಡ ಕಾರ್ಡನ್ನೇ ಹಾಕಿ. ಫೋನನ್ನು ಕಂಠಪೂರ್ತಿ ತುಂಬಬೇಡಿ. ಸರದಿಗೆ ಖಾಲಿ ಜಾಗ ಬೇಕು. ರಾಸ್ಪ್‌ಬೆರಿ ಪೈ ಹಿಡಿದು ಕೂತ ಮಕ್ಕಳಿಗೆ, ಲಾಗ್ ಫೈಲುಗಳನ್ನು ಕಾರ್ಡಿನ ಬದಲು ರ‍್ಯಾಮ್‌ನಲ್ಲಿಡಲು ಹೇಳಿಕೊಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಊರಲ್ಲಿರುವ ಅಜ್ಜಿಯ ದನಿ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಒಂದೇ ಕಾರ್ಡಿನಲ್ಲಿ ಇರದಿರಲಿ. ಹಾಳೆ ಸವೆದರೆ ಕಣ್ಣಿಗೆ ಕಾಣುತ್ತದೆ, ಕಾರ್ಡು ಸವೆದರೆ ಕಾಣುವುದಿಲ್ಲ. ಈ ವಾರಾಂತ್ಯವೇ ಇನ್ನೊಂದು ಪ್ರತಿ ಮಾಡಿಡಿ.

ಮುಂದಿನ ತಿಂಗಳು ಮತ್ತೆ ಸಿಗೋಣ.