ಮಕ್ಕಳನ್ನು ಬಿಟ್ಟು ಹೋಗುವುದೇ, ಕರೆದುಕೊಂಡು ಹೋಗುವುದೇ?

ಹಿಂದಿನ ವರ್ಷದ ಕಾರ್ತಿಕ ಮಾಸದಲ್ಲಿ ಬೈಲಹೊಂಗಲದ ಕಡೆಯ ಭಕ್ತ ಮನೆತನವೊಂದು ನಮ್ಮಲ್ಲಿಗೆ ಬಂದಿತ್ತು. ಮಗನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವನು. ಕಂಪನಿಯವರು ಅವನನ್ನು ಮೂರು ವರ್ಷಗಳ ಮಟ್ಟಿಗೆ ಮೆಕ್ಸಿಕೊ ದೇಶದ ಗ್ವಾದಲಹಾರಾ ನಗರಕ್ಕೆ ಕಳಿಸುವುದೆಂದು ನಿಶ್ಚಯವಾಗಿತ್ತು. ಹಿರಿಯ ಮಗಳಿಗೆ ಆರು ವರ್ಷ, ಕಿರಿಯ ಮಗನಿಗೆ ಮೂರು.

“ಶಾಸ್ತ್ರಿಗಳ, ಅಲ್ಲಿ ಇಂಗ್ಲಿಷೂ ನಡಿಯೂದಿಲ್ಲಂತ. ಕೂಸುಗಳು ಯಾರ ಕೂಡ ಮಾತಾಡ್ಬೇಕು, ಏನು ತಿನ್ಬೇಕು? ಇಲ್ಲೇ ನನ್ನ ಹಂತೇಕ ಬಿಟ್ಟು ಹೋಗ್ಲಿ ಅಂತ ನೀವೊಂದು ಮಾತು ಹೇಳ್ರಿ” ಎಂದು ಅಜ್ಜಿ ಕಣ್ಣೀರಿಟ್ಟರು. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಕೈ ಮಾತ್ರ ಕೂಸಿನ ಅಂಗಿಯ ಚುಂಗನ್ನು ಬಿಟ್ಟಿರಲಿಲ್ಲ.

ಇಂತಹ ಪ್ರಶ್ನೆಗೆ ನಾವು ಹಿಂದೊಮ್ಮೆ ಉತ್ತರ ಕೊಟ್ಟವರು, ಕೊಟ್ಟು ಪಶ್ಚಾತ್ತಾಪಪಟ್ಟವರು. 2006ರಲ್ಲಿ ಸ್ಪೇನ್ ದೇಶಕ್ಕೆ ಹೊರಟಿದ್ದ ದಂಪತಿಗಳು ಹೀಗೆಯೇ ಕೇಳಿದಾಗ, “ನೀವು ನೆಲೆಯೂರುವವರೆಗೆ ಮಗು ಅಜ್ಜಿಯ ಬಳಿಯಲ್ಲಿರಲಿ” ಎಂದೆವು. ಆರು ತಿಂಗಳೆಂದದ್ದು ಮೂರು ವರ್ಷವಾಯಿತು. ನಾಲ್ಕು ವರ್ಷದವನಾಗಿದ್ದ ಬಾಲಕನು ಏಳರಲ್ಲಿ ತಾಯಿಯನ್ನು ಸೇರಿದಾಗ ಅವಳನ್ನು “ಆಂಟಿ” ಎಂದು ಕರೆದನಂತೆ. ಇಂದು ಅವನು ವಿದ್ಯಾವಂತ, ವಿನಯಶಾಲಿ. ಆದರೆ ತಂದೆತಾಯಿಗಳೊಡನೆ ಅತಿಥಿಯಂತೆ ಮಾತನಾಡುತ್ತಾನೆಂದು ಆ ತಾಯಿ ನಮ್ಮೆದುರು ಹೇಳಿದ್ದಾಳೆ. ನಮ್ಮನ್ನು ಅವಳು ದೂರಲಿಲ್ಲ. ದೂರಿದ್ದರೆ ನಮಗೆ ಹಗುರಾಗುತ್ತಿತ್ತು.

ಆದುದರಿಂದ ಈ ಬಾರಿ ನಾವು ಅಜ್ಜಿಯ ಮಾತಿಗೆ ಒಪ್ಪಲಿಲ್ಲ. “ತಾಯಿ, ಮಕ್ಕಳು ತಂದೆತಾಯಿಗಳ ಸಂಗಡವೇ ಹೋಗಲಿ. ಮನೆಯೆಂದರೆ ಊರಲ್ಲ, ಜನ” ಎಂದೆವು. ಅವರು ನೊಂದುಕೊಂಡರು. ಬರಿಯ ಮಾತಿನಿಂದ ಅವರ ಭಯ ಹೋಗದೆಂದು ತಿಳಿದು, ಆ ನಾಡಿನ ವಿಷಯವನ್ನು ಓದಿ, ಅಲ್ಲಿದ್ದು ಬಂದವರನ್ನು ವಿಚಾರಿಸಿದೆವು. ಹಾಗೆ ತಿಳಿದದ್ದು ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾಗದಪತ್ರಗಳ ಮಾತು. ಮಕ್ಕಳ ಜನನ ಪ್ರಮಾಣಪತ್ರ, ದಂಪತಿಗಳ ವಿವಾಹ ಪ್ರಮಾಣಪತ್ರಗಳಿಗೆ ಹೊರಡುವ ಮೊದಲೇ ನಮ್ಮ ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’ ಮುದ್ರೆಯನ್ನು ಪಡೆಯಬೇಕು. ಭಾರತವು 2005ರಿಂದ ಈ ಒಪ್ಪಂದದಲ್ಲಿದೆ, ಮೆಕ್ಸಿಕೊ ಕೂಡ ಇದೆ. ಅವುಗಳ ಸ್ಪ್ಯಾನಿಷ್ ಅನುವಾದವು ಅಧಿಕೃತ ಭಾಷಾಂತರಕಾರರಿಂದಲೇ ಆಗತಕ್ಕದ್ದು. ವಾಸದ ವೀಸಾದ ಮೇಲೆ ಹೋದವರು ದೇಶವನ್ನು ಹೊಕ್ಕ 30 ದಿನಗಳೊಳಗೆ ಅಲ್ಲಿನ ವಲಸೆ ಕಚೇರಿಗೆ ಹೋಗಿ ನಿವಾಸ ಪತ್ರಕ್ಕೆ ಅರ್ಜಿ ಕೊಡಬೇಕು. ಕೂಸಿಗೂ ಬೇರೆಯೇ ಪತ್ರವಾಗುತ್ತದೆ. ಅದರೊಡನೆ ದೊರೆಯುವ ‘ಕುರ್ಪ್’ ಎಂಬ 18 ಅಕ್ಷರಾಂಕಗಳ ಗುರುತನ್ನು ಶಾಲೆಯವರು ಕೇಳುತ್ತಾರೆ. ದಾರಿಯಲ್ಲಿ ಅಮೆರಿಕದ ವಿಮಾನನಿಲ್ದಾಣದಲ್ಲಿ ಇಳಿದು ಹತ್ತುವುದಾದರೆ ಎಳೆಗೂಸಿಗೂ ಆ ದೇಶದ ವೀಸಾ ಬೇಕು. ಲಸಿಕೆಗಳ ಕಾರ್ಡನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಟ್ಟುಕೊಳ್ಳುವುದು ಲೇಸು.

ಹೆಸರಿನ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕು. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರುಗಳು; ಸಾಮಾನ್ಯವಾಗಿ ಒಂದು ತಂದೆಯದು, ಒಂದು ತಾಯಿಯದು. ನಮ್ಮಲ್ಲಿಯಾದರೋ ಒಬ್ಬರ ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಇನ್ನೊಬ್ಬರದರಲ್ಲಿ ತಂದೆಯ ಹೆಸರು, ಮಗುವಿನದರಲ್ಲಿ ಆ ಜಾಗವೇ ಖಾಲಿ. ನಾಲ್ವರದೂ ಒಂದೇ ಕ್ರಮದಲ್ಲಿರುವಂತೆ ಇಲ್ಲಿಯೇ ಸರಿಪಡಿಸಿಕೊಂಡರೆ ಅಲ್ಲಿಯ ಅಲೆದಾಟ ತಪ್ಪುತ್ತದೆ.

ಶಾಲೆಯ ವರ್ಷವು ಆಗಸ್ಟ್ ಕೊನೆಯ ಸುಮಾರಿಗೆ ಮೊದಲಾಗುತ್ತದೆ. ಡಿಸೆಂಬರ್ 31ರೊಳಗೆ ಆರು ತುಂಬುವ ಮಗು ಒಂದನೆಯ ತರಗತಿಗೆ ಸೇರುತ್ತದೆ. ಅದಕ್ಕೂ ಮೊದಲಿನ ಶಿಶುವಿಹಾರದ ಶಿಕ್ಷಣವೂ ಅಲ್ಲಿ ಕಡ್ಡಾಯ. 1960ರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸರ್ಕಾರವೇ ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಸೋಮವಾರ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಧ್ವಜವಂದನೆ ಮಾಡುತ್ತಾರೆ.

ಭಾಷೆಯ ಭಯವು ಅಜ್ಜಿಗೆ ಎಲ್ಲಕ್ಕಿಂತ ಹಿರಿದಾಗಿತ್ತು. ಸ್ಪ್ಯಾನಿಷ್ ಕನ್ನಡದ ನಾಲಿಗೆಗೆ ತೀರ ದೂರದ ಭಾಷೆಯಲ್ಲ. ಬರೆದಂತೆ ಓದುವುದು ಅದರ ರೂಢಿ. ಅ, ಎ, ಇ, ಒ, ಉ ಎಂಬ ಐದೇ ಸ್ವರಗಳು. ತಕಾರ ದಕಾರಗಳು ನಮ್ಮಂತೆಯೇ ಹಲ್ಲಿಗೆ ತಾಗಿ ಹೊರಡುತ್ತವೆ. ನಾವು ವರ್ಣಮಾಲೆಯಲ್ಲಿ ಕಲಿತು ಅಪರೂಪಕ್ಕೆ ಬಳಸುವ ಞಕಾರವು ಅಲ್ಲಿ ನಿತ್ಯದ ಅಕ್ಷರ. ಇಂಗ್ಲಿಷಿನಲ್ಲಿಲ್ಲದ ‘ನೀನು’, ‘ನೀವು’ ಎಂಬ ಭೇದವೂ ಉಂಟು: ಸರೀಕರಿಗೆ ‘ತೂ’, ಹಿರಿಯರಿಗೆ ‘ಉಸ್ತೇದ್’.

ಹಾಗೆಂದು ಮಗು ಮರುದಿನವೇ ಮಾತನಾಡುವುದಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಅನೇಕ ಮಕ್ಕಳು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಮೌನವಾಗಿರುತ್ತಾರೆ. ಬಲ್ಲವರು ಇದನ್ನು ಕೇಳಿಸಿಕೊಳ್ಳುವ ಕಾಲವೆನ್ನುತ್ತಾರೆ. ನಮಗೆ ಇದು ಸ್ವಾನುಭವ. ಎಂಟನೆಯ ವಯಸ್ಸಿನಲ್ಲಿ ನಮ್ಮನ್ನು ಮಠದ ಪಾಠಶಾಲೆಗೆ ಬಿಟ್ಟಾಗ ಸುತ್ತಲಿನವರ ಕನ್ನಡವೇ ಬೇರೆ, ಪಾಠದ ಸಂಸ್ಕೃತವಂತೂ ಅರಣ್ಯ. ಮಳೆಗಾಲವೊಂದು ಮುಗಿಯುವವರೆಗೆ ನಾವು ತುಟಿ ಬಿಚ್ಚಲಿಲ್ಲ. ಆಗ ಅಡುಗೆಮನೆಯ ಹಿರಿಯರೊಬ್ಬರು ಮಾತಿಗೆ ಒತ್ತಾಯಿಸದೆ ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಕೊಡುತ್ತಿದ್ದರು. ನಮ್ಮ ಮೊದಲ ಮಾತು ಅವರೊಡನೆಯೇ ಆಯಿತು. ಆ ಆಸರೆ ಇಲ್ಲದಿದ್ದರೆ ನಾವು ಓಡಿಹೋಗುತ್ತಿದ್ದೆವು. ಮಕ್ಕಳಿಗೆ ಬೇಕಾದುದು ಅಂತಹ ಒಂದು ಪಕ್ಕ.

ಇನ್ನು ಕನ್ನಡದ ಮಾತು. ಒಂದೆರಡು ವರ್ಷಗಳಲ್ಲಿ ಮಕ್ಕಳು ತಮ್ಮತಮ್ಮೊಳಗೆ ಸ್ಪ್ಯಾನಿಷಿನಲ್ಲೇ ಆಡತೊಡಗುತ್ತಾರೆ. ಚಿಕ್ಕವನು ಬೇಗ ಮರೆಯುತ್ತಾನೆ. ಅವನಿಗೆ ಕನ್ನಡವಿನ್ನೂ ಬೇರೂರಿರುವುದಿಲ್ಲ. ಮನೆಯಲ್ಲಿಯೂ ಸ್ಪ್ಯಾನಿಷ್ ಆಡಿರೆಂದು ಯಾರಾದರೂ ಉಪದೇಶಿಸಿದರೆ ಕೇಳಬೇಕಾಗಿಲ್ಲ. ಶಾಲೆಯ ಭಾಷೆಯನ್ನು ಶಾಲೆಯೇ ಕಲಿಸುತ್ತದೆ, ಮನೆಯ ಭಾಷೆಯನ್ನು ಕಲಿಸಲು ಮನೆಯ ಹೊರತು ಬೇರೆ ಶಾಲೆಯಿಲ್ಲ. ಆದರೆ ತಂದೆತಾಯಿಗಳು ತಾವು ಮಾತ್ರ ಸ್ಪ್ಯಾನಿಷ್ ಕಲಿಯದೆ ಇರಬಾರದು. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಆರು ವರ್ಷದ ಮಗಳು ದುಭಾಷಿಯಾಗುವ ಮನೆಯಲ್ಲಿ ಹಿರಿತನವು ತಲೆಕೆಳಗಾಗುತ್ತದೆ. ಸೊಸೆಯು ಕಲಿಯುವುದು ಇನ್ನೂ ಅಗತ್ಯ. ಅವಲಂಬಿತಳಾಗಿ ಹೋದವಳಿಗೆ ಅನುಮತಿಯಿಲ್ಲದೆ ಉದ್ಯೋಗ ಮಾಡಲಾಗದು. ನೆರೆಯವರೊಡನೆ ಮಾತೂ ಇಲ್ಲವಾದರೆ ಅವಳ ದಿನ ಬಹಳ ಉದ್ದವಾಗುತ್ತದೆ.

ಆಹಾರದ ಬಗ್ಗೆ ಹೇಳಿದಾಗ ಅಜ್ಜಿ ಕಣ್ಣರಳಿಸಿದರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು, ಹಂಚಿನ ಮೇಲೆ ಸುಡುವ ‘ತೊರ್ತಿಯಾ’ ಅಲ್ಲಿಯ ನಿತ್ಯದ ರೊಟ್ಟಿ. ಅರಳಿಸಿದ ರಾಜಗಿರಿಯನ್ನು ಸಿಹಿಯಲ್ಲಿ ಕಟ್ಟಿ ‘ಅಲೆಗ್ರಿಯಾ’ ಎಂದು ಮಾರುತ್ತಾರೆ. ಆ ಶಬ್ದಕ್ಕೆ ಸಂತೋಷವೆಂದೇ ಅರ್ಥ. ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಮೂಲವೂ ಆ ನಾಡಿನ ಕಡೆಯದೇ. ಆದರೆ ಬೇಯಿಸಿದ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬನ್ನೂ, ಅನ್ನಕ್ಕೆ ಕೋಳಿಯ ಸಾರನ್ನೂ ಹಾಕುವ ರೂಢಿಯುಂಟು. ಶಾಕಾಹಾರಿಗಳೆಂದರೆ ಸಾಲದು, ಮಾಂಸ, ಕೋಳಿ, ಕೊಬ್ಬು ಈ ಮೂರೂ ಬೇಡವೆಂದು ಬಿಡಿಸಿ ಹೇಳಬೇಕು. ನಲ್ಲಿಯ ನೀರನ್ನು ಅಲ್ಲಿಯವರೇ ಕುಡಿಯುವುದಿಲ್ಲ, 20 ಲೀಟರಿನ ಡಬ್ಬಿಗಳನ್ನು ತರಿಸುತ್ತಾರೆ.

ಆ ನಾಡು ಭಾರತೀಯರಿಗೆ ಹೊಸದೂ ಅಲ್ಲ. ವರ್ಧಾದ ಸ್ವಾತಂತ್ರ್ಯ ಹೋರಾಟಗಾರ ಪಾಂಡುರಂಗ ಖಾನಖೋಜೆಯವರು 1920ರ ದಶಕದಲ್ಲಿ ಅಲ್ಲಿಯ ಚಾಪಿಂಗೊ ಕೃಷಿ ಶಾಲೆಯಲ್ಲಿ ಅಧ್ಯಾಪಕರಾಗಿ ಮೆಕ್ಕೆಜೋಳದ ತಳಿಗಳ ಮೇಲೆ ದುಡಿದರು. ಹೆಣ್ಣುಮಕ್ಕಳಿಬ್ಬರನ್ನು ಆ ಮಣ್ಣಿನಲ್ಲೇ ಬೆಳೆಸಿ, ಸ್ವಾತಂತ್ರ್ಯಾನಂತರ ಸ್ವದೇಶಕ್ಕೆ ಮರಳಿದರು.

ಈ ವರ್ಷ ಜುಲೈ ತಿಂಗಳಲ್ಲಿ ಆ ಕುಟುಂಬ ಹೊರಟಿತು. ಅಜ್ಜಿಗೆ ನಾವೊಂದು ಕಾಯಕವನ್ನು ವಹಿಸಿದ್ದೆವು. ಅಲ್ಲಿಯ ಸಂಜೆ ಏಳು ಗಂಟೆಯೆಂದರೆ ಇಲ್ಲಿ ಮರುದಿನದ ಬೆಳಿಗ್ಗೆ ಆರೂವರೆ. ಆ ಹೊತ್ತಿಗೆ ದಿನವೂ ದೂರವಾಣಿಯಲ್ಲಿ ಒಂದು ಕಥೆ ಹೇಳಬೇಕು, ಒಂದು ದಿನವೂ ತಪ್ಪಿಸಕೂಡದು. ಅವರು ತಪ್ಪಿಸಿಲ್ಲ. ಹೇಳಿದ ಕಥೆಗಳು ಮುಗಿದು, ಈಗ ತಮ್ಮ ಬಾಲ್ಯದ ಸಂಗತಿಗಳನ್ನು ಹೇಳತೊಡಗಿದ್ದಾರಂತೆ. ಮಗನಿಗೂ ಅವು ತಿಳಿದಿರಲಿಲ್ಲವಂತೆ.

ಮೊಮ್ಮಗಳು ಶಾಲೆಯಲ್ಲಿ ಮೂರು ತಿಂಗಳು ಮೌನವಾಗಿದ್ದಳು. ಆ ದಿನಗಳಲ್ಲಿ ತಂದೆಯು ಎರಡು ಬಾರಿ ನಮಗೆ ಮಾತನಾಡಿ, ತಿರುಗಿ ಬಂದುಬಿಡಲೇ ಎಂದು ಕೇಳಿದ. ಅವನ ದನಿಯನ್ನು ಕೇಳಿ, ಮತ್ತೊಮ್ಮೆ ತಪ್ಪು ಹೇಳಿದೆವೇನೋ ಎಂದು ನಮಗೂ ನಿದ್ರೆ ಬರಲಿಲ್ಲ. ಕಳೆದ ತಿಂಗಳು ಅಜ್ಜಿಯೇ ಬಂದು ಸುದ್ದಿ ಹೇಳಿದರು. ಹುಡುಗಿ ತರಗತಿಯಲ್ಲಿ ಮಾತನಾಡತೊಡಗಿದ್ದಾಳೆ, ದೂರವಾಣಿಯಲ್ಲಿ ಅಜ್ಜಿಗೂ ಪಾಠ ಹೇಳಿದ್ದಾಳೆ: “ಅಜ್ಜೀ, ಇಲ್ಲೂ ಟೀಚರಿಗೆ ನೀವು ಅನ್ಬೇಕು. ನಿನಗ ಮಾತ್ರ ನೀನು ಅಂದ್ರ ನಡೀತೈತಿ.”

ಇದನ್ನು ಹೇಳುವಾಗ ಆ ತಾಯಿಯ ಕಣ್ಣಲ್ಲಿ ಮತ್ತೆ ನೀರಿತ್ತು. ಈ ಬಾರಿ ನಾವು ಸಮಾಧಾನ ಹೇಳಲು ಹೋಗಲಿಲ್ಲ.