ಬೀಗದಕೈ ಯಾರ ಸೊಂಟದಲ್ಲಿರಬೇಕು?

ಕಂಪ್ಯೂಟರಿನ ವಿಷಯವೆಂದ ಕೂಡಲೆ ನಮ್ಮ ಕೃಷಿಕ ಬಂಧುಗಳು ಪುಟ ತಿರುವಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಿಮ್ಮ ಸಾಲದ ಲೆಕ್ಕ, ಒತ್ತೆ ಇಟ್ಟ ಚಿನ್ನದ ಲೆಕ್ಕ, ಪಾಲು ಹಣದ ಲೆಕ್ಕ ಎಲ್ಲವೂ ಈಗ ಅದರೊಳಗಿದೆ.

ಕಳೆದ ಮಳೆಗಾಲದ ಒಂದು ಸಂಜೆ ಮುಂಡಾಜೆಯ ಸೋಮಂತಡ್ಕದಲ್ಲಿ ಉಜಿರೆಯ ಬಸ್ಸಿಗೆ ಕಾಯುತ್ತಿದ್ದೆ. ನಾನು ಮಾಷ್ಟ್ರಾಗಿದ್ದ ಕಾಲದಲ್ಲಿ ಮಗ್ಗಿ ಕಲಿಸಿದ ಹುಡುಗಿಯೊಬ್ಬಳು ಎದುರಾದಳು. ಈಗ ಅವಳು ಒಂದು ಸಹಕಾರಿ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತಾತ್ಕಾಲಿಕ ನೌಕರಳು. ಯಾವ ಸಂಸ್ಥೆ, ಯಾವ ಊರು ಎಂದು ಬರೆಯುವುದಿಲ್ಲ. ಬರೆದರೆ ಮೊದಲು ಹೋಗುವುದು ಅವಳ ಕೆಲಸ.

“ಮಾಷ್ಟ್ರೇ, ಅಧ್ಯಕ್ಷರು ಅಡ್ಮಿನ್ ಪಾಸ್‌ವರ್ಡ್ ಕೊಡು ಅಂತಾರೆ. ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ” ಎಂದಳು. ಅಧ್ಯಕ್ಷರು ಕೇಳಿದ ರೀತಿಯನ್ನೂ ಹೇಳಿದಳು: “ಸಂಘದ ಅಧ್ಯಕ್ಷ ನಾನು. ನನಗಿಲ್ಲದ ಬೀಗದಕೈ ನಿನಗೆ ಯಾಕೆ ಮಾರಾಯ್ತಿ?”

ನಾನು ಮೆಟ್ರಿಕ್ಕಿಗೆ ಓದು ನಿಲ್ಲಿಸಿದವನು. ಯಂತ್ರದ ಶಾಸ್ತ್ರ ತಿಳಿಯದು. ಅವಳೇ ಬಿಡಿಸಿ ಹೇಳಿದಳು. ಸಂಘದ ಪ್ರತಿಯೊಬ್ಬ ನೌಕರನಿಗೂ ತನ್ನದೇ ಲಾಗಿನ್ ಇದೆ. ಹಣ ಕಟ್ಟಿಸಿಕೊಳ್ಳುವವನು ರಶೀದಿ ಬರೆಯಬಲ್ಲ, ಸಾಲ ಮಂಜೂರು ಮಾಡಲಾರ. ಮಂಜೂರು ಮಾಡತಕ್ಕ ಕಾರ್ಯದರ್ಶಿ ತಾನೇ ಸಾಲದ ಅರ್ಜಿ ತುಂಬಿಸಲಾರ. ಅಡ್ಮಿನ್ ಎಂಬ ಅಧಿಕಾರ ಇವೆಲ್ಲಕ್ಕೂ ಮೇಲಿನದು. ಅದನ್ನು ಹಿಡಿದವನು ಹೊಸ ಲಾಗಿನ್ ಸೃಷ್ಟಿಸಬಹುದು, ಮತ್ತೊಬ್ಬರ ಪಾಸ್‌ವರ್ಡ್ ಬದಲಿಸಿ ಅವರ ಹೆಸರಿನಲ್ಲೇ ಒಳಹೊಕ್ಕು ಕೆಲಸ ಮಾಡಬಹುದು. ಕೆಲವು ಕಡೆ, ಯಾರು ಯಾವಾಗ ಏನು ತಿದ್ದಿದರು ಎಂಬ ಗುರುತನ್ನೇ ಅಳಿಸಬಹುದು.

ಇದರ ಅರ್ಥ ನಮ್ಮ ಅಡಿಕೆ ತೋಟದವನಿಗೆ ಏನು? ಸೊನ್ನೆ ಬಡ್ಡಿಯ ಬೆಳೆ ಸಾಲ ಸಿಗುವುದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಒಂದು ತಾರೀಕು ಹಿಂದಕ್ಕೆ ಸರಿದರೆ ಸುಸ್ತಿದಾರನು ಸಾಹುಕಾರನಾಗುತ್ತಾನೆ. ಮುಂದಕ್ಕೆ ಸರಿದರೆ ಪ್ರಾಮಾಣಿಕವಾಗಿ ಕಟ್ಟಿದವನ ತಲೆಯ ಮೇಲೆ ಬಡ್ಡಿ ಬೀಳುತ್ತದೆ. ಆಮೇಲೆ ಲೆಕ್ಕ ತಪಾಸಣೆಯವರು ಬಂದಾಗ ದಾಖಲೆಯಲ್ಲಿ ಯಾರ ಹೆಸರಿರುತ್ತದೆ? ಆಜ್ಞೆ ಮಾಡಿದವರ ಹೆಸರಲ್ಲ, ತಿಂಗಳ ಸಂಬಳದ ಹುಡುಗಿಯ ಹೆಸರು. ಅಧಿಕಾರ ಒಬ್ಬರಿಗೆ, ಜವಾಬ್ದಾರಿ ಇನ್ನೊಬ್ಬರಿಗೆ ಎಂಬ ಈ ಹಳೆಯ ಏರ್ಪಾಟನ್ನು ಗೇಣಿಯ ಕಾಲದಿಂದ ನೋಡಿದ ಜಿಲ್ಲೆ ನಮ್ಮದು.

ಅದೇ ಸಂಘಗಳಲ್ಲಿ ಚಿನ್ನ ಇಡುವ ಭದ್ರತಾ ಕೊಠಡಿಗೆ ಎರಡು ಬೀಗದಕೈ ಇರುತ್ತವೆ, ಇಬ್ಬರ ಕೈಯಲ್ಲಿ. ಒಬ್ಬನೇ ಹೋಗಿ ತೆರೆಯಲಾರ. ಅಧ್ಯಕ್ಷರು ಅಲ್ಲಿ ಎಂದಾದರೂ “ಎರಡೂ ನನಗೆ ಕೊಡಿ” ಎಂದಿದ್ದಾರೆಯೇ? ಇಲ್ಲ. ಕಬ್ಬಿಣದ ಬಾಗಿಲಿನ ಮರ್ಯಾದೆ ಎಲ್ಲರಿಗೂ ಅರ್ಥವಾಗುತ್ತದೆ. ಕಣ್ಣಿಗೆ ಕಾಣದ ಬಾಗಿಲಿನದು ಅರ್ಥವಾಗುವುದಿಲ್ಲ.

ದೊಡ್ಡವರ ಮನೆಯಲ್ಲೂ ಇದೇ ಕಥೆ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಶಾಖೆಯೊಂದರ ಮೋಸ ಹೊರಬಿತ್ತಲ್ಲ, 11,000 ಕೋಟಿ ರೂಪಾಯಿಗೂ ಮಿಕ್ಕಿದ್ದು? ವಿದೇಶಿ ಬ್ಯಾಂಕುಗಳಿಗೆ ಖಾತರಿಯ ಸಂದೇಶ ಕಳಿಸುವ ಸ್ವಿಫ್ಟ್ ಎಂಬ ಯಂತ್ರವ್ಯವಸ್ಥೆ ಬ್ಯಾಂಕಿನ ಮುಖ್ಯ ಲೆಕ್ಕಕ್ಕೆ ಜೋಡಣೆಯಾಗಿರಲಿಲ್ಲ. ಸಂದೇಶ ಹೋಯಿತು, ಲೆಕ್ಕದಲ್ಲಿ ಕಾಣಲಿಲ್ಲ. ನೋಡಬೇಕಾದ ಎರಡನೆಯ ಕಣ್ಣು ಇರಲಿಲ್ಲ.

ನಮ್ಮ ರಾಜ್ಯದಲ್ಲೇ ಇದನ್ನು ಅರಿತು ನಡೆದ ಕೆಲಸವೂ ಇದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಪಾಸ್‌ವರ್ಡನ್ನು ಮಾತ್ರ ನಂಬದೆ ತಾಲೂಕು ಕಚೇರಿಯ ನೌಕರರ ಬೆರಳಚ್ಚು ತೆಗೆದುಕೊಂಡರು. ನಾಳೆ ಯಾರೂ “ಅದು ನಾನಲ್ಲ, ನನ್ನ ಪಾಸ್‌ವರ್ಡ್ ಬಳಸಿ ಬೇರೆಯವರು ಮಾಡಿದ್ದು” ಎನ್ನಬಾರದು ಎಂಬುದೇ ಉದ್ದೇಶ. (ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ನಗಬಹುದು. ಎಲ್ಲವೂ ನೆಟ್ಟಗಾಯಿತೆಂದು ನಾನೂ ಹೇಳುವುದಿಲ್ಲ.)

ಆದರೆ ಅಧ್ಯಕ್ಷರ ಪರವಾಗಿಯೂ ಒಂದು ಮಾತಿದೆ. ಒಬ್ಬಳೇ ಹುಡುಗಿಗೆ, ಅಥವಾ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯವನಿಗೆ ಮಾತ್ರ ಕೀಲಿ ಗೊತ್ತಿದ್ದರೆ, ಅವರು ನಾಳೆ ಕೆಲಸ ಬಿಟ್ಟರೆ ಸಂಘದ ಗತಿಯೇನು? ಈ ಭಯ ಸುಳ್ಳಲ್ಲ. ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರಾಡಳಿತದಲ್ಲಿ ಟೆರಿ ಚೈಲ್ಡ್ಸ್ ಎಂಬ ಕಂಪ್ಯೂಟರ್ ಜಾಲದ ನೌಕರನಿದ್ದ. ಮೇಲಿನವರು ಯೋಗ್ಯರಲ್ಲವೆಂದು 2008ರಲ್ಲಿ ಪಾಸ್‌ವರ್ಡ್ ಕೊಡಲು ಒಪ್ಪಲಿಲ್ಲ. ಜೈಲಿಗೆ ಹಾಕಿದರು. ಕೊನೆಗೆ ಜೈಲಿಗೇ ಬಂದ ಮೇಯರರ ಕೈಗೆ ಕೊಟ್ಟ. ಆದರೂ 2010ರಲ್ಲಿ ಅವನಿಗೆ 4 ವರ್ಷದ ಶಿಕ್ಷೆಯಾಯಿತು. ಕೆಲಸ ತಿಳಿದವನು ತಾನೇ ಎಂಬ ಹೆಮ್ಮೆಯಿಂದ ಊರಿನ ಆಸ್ತಿಯನ್ನು ತನ್ನದೆಂದುಕೊಂಡರೆ ಅವನೂ ಒಬ್ಬ ಸಣ್ಣ ಧಣಿಯೇ.

ಆದುದರಿಂದ “ಕೊಡುವುದಿಲ್ಲ” ಎಂಬ ಒಂದೇ ಮಾತಿನಿಂದ ಕೆಲಸ ಕೆಡುತ್ತದೆಂದು ಆ ಹುಡುಗಿಗೆ ಹೇಳಿದೆ. ಅಧ್ಯಕ್ಷರಿಗೆ ನಿಜವಾಗಿ ಬೇಕಾದುದು ಏನೆಂದು ವಿನಯದಿಂದ ಕೇಳು. ದಿನದ ವಸೂಲಿ, ಬಾಕಿ, ಠೇವಣಿ ನೋಡಬೇಕೆ? ನೋಡಲು ಮಾತ್ರ ಬರುವ, ತಿದ್ದಲು ಬಾರದ ಲಾಗಿನ್ ಅವರ ಹೆಸರಿನಲ್ಲೇ ಮಾಡಿಸಿಕೊಡು. ಅದು ಅವರ ಹಕ್ಕು. ಕೆಲಸ ಬಿಟ್ಟವರ ಭಯವೇ? ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಅರಗು ಮುದ್ರೆ ಹಾಕಿ, ಚಿನ್ನದ ಕೊಠಡಿಯಲ್ಲೇ ಇಡಲಿ. ತೆರೆದರೆ ಯಾರು, ಯಾವಾಗ, ಯಾತಕ್ಕೆ ಎಂದು ಪುಸ್ತಕದಲ್ಲಿ ಬರೆಯಲಿ. ಇಷ್ಟರ ಮೇಲೂ ತನಗೇ ಬೇಕೆಂದರೆ ಆಡಳಿತ ಮಂಡಳಿಯ ನಿರ್ಣಯವಾಗಿ, ಬರಹದಲ್ಲಿ ಆಜ್ಞೆ ಬರಲಿ. ಅದಕ್ಕೆ ಉತ್ತರವಾಗಿ ಅಪಾಯವೇನೆಂದು ನೀನೂ ಬರಹದಲ್ಲಿ ತಿಳಿಸು, ಪ್ರತಿ ಇಟ್ಟುಕೋ. ಬಾಯಿಮಾತಿಗೆ ಕೊಡಬೇಡ, ಫೋನಿನಲ್ಲಿ ಹೇಳಬೇಡ, ನಿನ್ನ ಸ್ವಂತ ಲಾಗಿನ್ ಅಂತೂ ಯಾರಿಗೂ ಬೇಡ.

1909ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರದ ಕೆಲಸ ಆರಂಭಿಸಿದ್ದು ರೈತನು ಸಾಹುಕಾರನ ಪುಸ್ತಕದಿಂದ ಬಿಡಿಸಿಕೊಳ್ಳಲೆಂದು. ಸಾಹುಕಾರನ ಪುಸ್ತಕದ ದೋಷವೇನಿತ್ತು? ಬರೆಯುವವನೂ ಅವನೇ, ತಿದ್ದುವವನೂ ಅವನೇ, ಓದುವವನೂ ಅವನೇ. 2022ರ ಜೂನಿನಲ್ಲಿ ಕೇಂದ್ರ ಸರಕಾರವು ದೇಶದ 63,000 ಪ್ರಾಥಮಿಕ ಕೃಷಿಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಯಂತ್ರಕ್ಕೆ ಹಣ ಬಂತು. ಯಂತ್ರದ ಮುಂದೆ ಕೂರುವ ತಾತ್ಕಾಲಿಕ ನೌಕರರಿಗೆ ಯಾವ ರಕ್ಷಣೆಯಿದೆ? ಅವರಿಗೆ ನೌಕರರ ಸಂಘದ ಬೆಂಬಲ ಬೇಕು. ಈ ಕೆಲಸದಲ್ಲಿ ನಾವು ಹಿಂದೆ ಬಿದ್ದಿದ್ದೇವೆಂದು ಒಪ್ಪಿಕೊಳ್ಳುತ್ತೇನೆ.

ಸದಸ್ಯರೂ ಸುಮ್ಮನಿರಬಾರದು. ಮುಂದಿನ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟೆಂದು ಕೇಳಿದ ಮೇಲೆ, ಊಟಕ್ಕೆ ಏಳುವ ಮೊದಲು, ಅಡ್ಮಿನ್ ಅಧಿಕಾರ ಯಾರ ಕೈಯಲ್ಲಿದೆ, ಕಳೆದ ವರ್ಷ ಅದನ್ನು ಎಷ್ಟು ಸಲ ಬಳಸಲಾಯಿತು, ಬರೆದಿಟ್ಟ ಪುಸ್ತಕ ಎಲ್ಲಿದೆ ಎಂದು ಯಾರಾದರೂ ಎದ್ದು ಕೇಳಲಿ. ಅಧ್ಯಕ್ಷರಿಗೂ ಅಲ್ಲಿ ಇರುವುದು ಒಂದೇ ವೋಟು.

ಆ ಹುಡುಗಿ ಮೊನ್ನೆ ಪುನಃ ಸಿಕ್ಕಿದಳು. ಬರಹದಲ್ಲಿ ಕೊಡಿ ಎಂದು ಕೇಳಿದ್ದಾಳೆ. ನಿರ್ಣಯ ಈ ತನಕ ಬಂದಿಲ್ಲ. ಅಧ್ಯಕ್ಷರು ಮಾತು ಬಿಟ್ಟಿದ್ದಾರೆ. ಅವಳ ನೇಮಕದ ಅವಧಿ ಮಾರ್ಚಿಗೆ ಮುಗಿಯುತ್ತದೆ.