ಅರ್ಧ ಹುಂಜದ ಪಾಠ

ಜರ್ಮನಿಯ ಕಲೋನ್ ನಗರದ ಹಳೆಯ ಬಿಯರ್ ಹೋಟೆಲುಗಳಿಗೆ 'ಬ್ರೌಹೌಸ್' ಎಂದು ಹೆಸರು. ಅಲ್ಲಿ ಉಂಡು ಬಂದ ಪ್ರವಾಸಿಗರಲ್ಲಿ ಎರಡು ಪಂಗಡ. 'ಎಂಥ ಗಮ್ಮತ್ತು!' ಎನ್ನುವವರು ಕೆಲವರು. 'ಮಾಣಿ ಸಿಡುಕ, ಕೇಳದ್ದನ್ನೂ ತಂದಿಟ್ಟು ದುಡ್ಡು ಕಿತ್ತ' ಎಂದು ಗೊಣಗುವವರು ಹಲವರು.

ಆ ಮಾಣಿಯನ್ನು 'ಕೊಬೆಸ್' ಎನ್ನುತ್ತಾರೆ. ಗಿರಾಕಿಯನ್ನು ಛೇಡಿಸುವುದು ಅವನ ಪರಂಪರೆ. ನೀರು ಕೇಳಿದರೆ 'ಸೋಪು, ಟವೆಲೂ ಬೇಕೇ?' ಎನ್ನುವುದು ಅವನ ಹಳೆಯ ತಮಾಷೆ. 200 ಮಿಲಿಲೀಟರಿನ ಲೋಟ ಬರಿದಾದರೆ ಕೇಳದೆಯೇ ಇನ್ನೊಂದು ತಂದಿಟ್ಟು, ಲೋಟದಡಿಯ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲಿನಿಂದ ಗೀಟು ಎಳೆಯುತ್ತಾನೆ. ಅದೇ ಲೆಕ್ಕ. ಸಾಕೆನಿಸಿದರೆ ಬಿಲ್ಲೆಯನ್ನು ಲೋಟದ ಮೇಲಿಡಬೇಕು. ನಮ್ಮ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದಂತೆ. ಇದನ್ನು ಅರಿಯದವರಿಗೆ ಅದು ಮೋಸ, ಅರಿತವರಿಗೆ ಉಪಚಾರ.

ತಿಂಡಿಪಟ್ಟಿಯಲ್ಲಿ 'ಹಾಲ್ವೆ ಹಾನ್', ಅಂದರೆ 'ಅರ್ಧ ಹುಂಜ' ಎಂದಿರುತ್ತದೆ. ಕೋಳಿಯ ಆಸೆಯಿಂದ ತರಿಸಿದವರ ಮುಂದೆ ಬರುವುದು ರೈ ಹಿಟ್ಟಿನ ಬನ್ನು ಮತ್ತು ಚೀಸ್! ಸಸ್ಯಾಹಾರಿಗೆ ಅದೇ ಭಾಗ್ಯ.

ಓದಲು ಜರ್ಮನಿಗೆ ಹೊರಟ ಮಕ್ಕಳಿಗೆ ಮನೆಯವರು ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಡುತ್ತಾರೆ. 'ಊರಿನ ರೂಢಿ ತಿಳಿಯುವ ಮುನ್ನ ಮನಸ್ಸು ನೋಯಿಸಿಕೊಳ್ಳಬೇಡ. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳು' ಎಂಬ ಮಾತನ್ನೂ ಜೊತೆಗೆ ಕಟ್ಟಿಕೊಡಬೇಕು. ಪರದೇಶದಲ್ಲಿ ಒಂಟಿಯಾಗುವ ಮಗುವಿಗೆ ಉಪ್ಪಿನಕಾಯಿಗಿಂತ ಹೆಚ್ಚು ದಿನ ಬರುವುದು ಅದು.